ಮನೆಯಲ್ಲೇ ಆರೈಕೆಯೋ, ಕೇರ್ ಹೋಮೋ?

ಮೆಲ್ಬರ್ನ್‌ನಲ್ಲಿರುವ, ಮರೆವಿನ ಕಾಯಿಲೆ ಶುರುವಾದ ಸಲಿಂಗಿ ಹಿರಿಯರಿಗೆ ಯಾವುದು ಸರಿ ಅಂತ ಕೇಳಿದ್ದೀರಿ. ಖರ್ಚು ನೋಡಿದರೆ, ಕೇರ್ ಹೋಮ್‌ನ (ಹಿರಿಯರನ್ನು ಇರಿಸಿಕೊಂಡು ನೋಡಿಕೊಳ್ಳುವ ಕೇಂದ್ರದ) ಮೂಲ ಶುಲ್ಕವೇ ಒಂಟಿ ವ್ಯಕ್ತಿಗೆ ಸರ್ಕಾರ ಕೊಡುವ ಮೂಲ ವೃದ್ಧಾಪ್ಯ ಪಿಂಚಣಿಯ 85%. ಕೋಣೆಯ ದುಡ್ಡು ಬೇರೆ. ಮನೆಯಲ್ಲೇ ಇದ್ದರೆ, ಸಹಾಯಕರನ್ನು ಮನೆಗೆ ಕಳಿಸುವ ಸರ್ಕಾರದ ‘ಸಪೋರ್ಟ್ ಅಟ್ ಹೋಮ್’ ನೆರವಿದೆ, ಆದರೆ ರಾತ್ರಿಯ ಕಾವಲು ಸಂಗಾತಿಯ ತಲೆಗೇ.

ನನಗೆ ಜಾಸ್ತಿ ಕಾಡುವುದು ಭಯದ ವಿಷಯ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ 1981ರವರೆಗೂ ಗಂಡಸರ ಸಲಿಂಗ ಸಂಬಂಧ ಅಪರಾಧವಾಗಿತ್ತು. ಮರೆವು ಬಂದವರಿಗೆ ಆ ಕಾಲವೇ ಇವತ್ತು ಅನ್ನಿಸಬಹುದು, ಅಲ್ವಾ? ಮನೆಯಲ್ಲಿ ಏನೂ ಬಚ್ಚಿಡಬೇಕಿಲ್ಲ, ಜೋಡಿ ಫೋಟೊ ಗೋಡೆ ಮೇಲೇ ಇರುತ್ತದೆ. ಆದರೆ ಬರುವ ಸಹಾಯಕರು ಬದಲಾಗುತ್ತಿರುತ್ತಾರೆ. ಹೋಮ್ ಆದರೆ, ತಾರತಮ್ಯ ತಡೆಯುವ 2013ರ ಕಾನೂನಿನಂತೆ ಸರ್ಕಾರಿ ಹಣ ಪಡೆಯುವ ಧಾರ್ಮಿಕ ಸಂಸ್ಥೆಯೂ ಸಲಿಂಗಿ ಅಂತ ಇವರಿಗೆ ಸೇವೆ ನಿರಾಕರಿಸುವಂತಿಲ್ಲ. ಸಲಿಂಗಿಗಳನ್ನು ಒಳಗೊಳ್ಳುವ ಸೇವೆಗಳಿಗೆ ಕೊಡುವ ‘ರೇನ್‌ಬೋ ಟಿಕ್’ ಮಾನ್ಯತೆ ಇದೆಯಾ ವಿಚಾರಿಸಿ. ಅಲ್ಲಿನವರು ಸಂಗಾತಿಯನ್ನು ‘ಫ್ರೆಂಡ್’ ಅಂತ ಬರೆದುಕೊಂಡರೆ ಮುಂದಿನ ಹೋಮ್ ನೋಡಿ.

ಸಂಗಾತಿ ಗಟ್ಟಿಯಾಗಿದ್ದರೆ ಮನೆಯೇ ವಾಸಿ. ರಾತ್ರಿ ಎದ್ದು ಬೀದಿಗೆ ಹೊರಡುವಂತಾಗಿದ್ದರೆ ಹೋಮ್.