ನೇಯ್ಗೆ ಸಂಘದ ತಿಂಗಳ ಸಭೆ: ವರ್ಷಗಟ್ಟಲೆ ಹೋಗಿಬಂದ ಮೇಲೆ ಅನಿಸಿದ್ದು

ನೇಯ್ಗೆ ಕಲಿಯಬೇಕು ಅನ್ನುವ ಒಂದೇ ಆಸೆಯಿಂದ ಸಂಘ ಸೇರಬೇಡಿ. ಅದಕ್ಕೆ ತರಗತಿಗಳಿವೆ, ವಿಡಿಯೋಗಳಿವೆ. ಮನೆಯಲ್ಲೊಂದು ಮಗ್ಗ ಇದೆ, ಒಂದೆರಡು ಹಾಸು (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ಎಳೆಗಳು) ಹೂಡಿ ನೇಯ್ದಾಗಿದೆ, ಬಟ್ಟೆ ಅಂದುಕೊಂಡ ಹಾಗೆ ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಗೊತ್ತಾಗುತ್ತಿಲ್ಲ: ಈ ಸ್ಥಿತಿಯಲ್ಲಿ ಇರುವವರಿಗೆ ತಿಂಗಳ ಸಭೆಯಷ್ಟು ಪ್ರಯೋಜನದ್ದು ಬೇರೊಂದಿಲ್ಲ. ನಾನು ಸೇರಿದಾಗ ಇದ್ದ ಮೊದಮೊದಲ ಉತ್ಸಾಹವೆಲ್ಲ ಇಳಿದು, ಸಂಘದ ಬೇಸರಗಳೂ ಪರಿಚಯವಾಗಿ, ಆಮೇಲೂ ಬಿಡದೆ ಹೋಗುತ್ತಿದ್ದೇನೆ. ಆ ಲೆಕ್ಕದಲ್ಲಿ ಈ ವಿಮರ್ಶೆ.

ಸಭೆಯ ಕ್ರಮ ಬಹಳ ಸರಳ. ಮೊದಲು ಲೆಕ್ಕಪತ್ರ, ಪ್ರಕಟಣೆ. ಆಮೇಲೆ ಅತಿಥಿಯ ಮಾತು. ಕೊನೆಗೆ ಅವರವರು ನೇಯ್ದು ತಂದದ್ದನ್ನು ಎದ್ದುನಿಂತು ತೋರಿಸುವ ಹೊತ್ತು. ಹೊಸಬರು ಸಾಮಾನ್ಯವಾಗಿ ಅತಿಥಿಯ ಮಾತಿಗೆ ಬಂದು, ಅದು ಮುಗಿದೊಡನೆ ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುತ್ತಾರೆ. ಅಯ್ಯೋ, ಕೂತಿರಬೇಕಾದದ್ದೇ ಅದರ ನಂತರ!

ತೋರಿಸುವ ಹೊತ್ತಿನಲ್ಲಿ ಬಟ್ಟೆ ಕೈಯಿಂದ ಕೈಗೆ ದಾಟುತ್ತದೆ. ಒಬ್ಬರು ಮುಖ ನೋಡುತ್ತಾರೆ, ಇನ್ನೊಬ್ಬರು ತಿರುಗಿಸಿ ಬೆನ್ನು ನೋಡುತ್ತಾರೆ, ಹಳಬರು ಸೀದಾ ಅಂಚಿಗೆ ಕೈ ಹಾಕುತ್ತಾರೆ. ತಂದವರಿಗೆ ಬೀಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಯಾವಾಗಲೂ ಒಂದೇ: "ಇದು ತೊಳೆದದ್ದಾ, ತೊಳೆಯದ್ದಾ?" ಮಗ್ಗದಿಂದ ಇಳಿಸಿದ್ದು ಇನ್ನೂ ಅರ್ಧ ಬಟ್ಟೆ, ನೀರಿಗೆ ಹಾಕಿ ತೆಗೆದ ಮೇಲೇ ಅದು ಪೂರ್ತಿಯಾಗುವುದು ಅನ್ನುವುದು ಎಲ್ಲ ಪುಸ್ತಕದಲ್ಲೂ ಇದೆ. ನಾನೂ ಓದಿದ್ದೆ. ಆದರೆ ಒಬ್ಬ ಹಿರಿಯರು ಜೇನುಗೂಡಿನಂಥ ಕುಳಿಗಳು ಮೂಡುವ ವಾಫಲ್ ನೇಯ್ಗೆಯ ಒಂದೇ ಹಾಸಿನಿಂದ ಎರಡು ತುಂಡು ಕತ್ತರಿಸಿ, ಒಂದನ್ನು ಹಾಗೇ ಬಿಟ್ಟು, ಇನ್ನೊಂದನ್ನು ಬಿಸಿನೀರಲ್ಲಿ ತೊಳೆದು ತಂದಿದ್ದರು. ತೊಳೆಯದ ತುಂಡು ಚಪ್ಪಟೆ, ಸಡಿಲ, ಎಳೆಗಳು ಉದ್ದುದ್ದ ತೇಲಿಕೊಂಡು ಬೆರಳಿಗೆ ಸಿಕ್ಕಿಕೊಳ್ಳುತ್ತಿದ್ದವು. ತೊಳೆದದ್ದರಲ್ಲಿ ಅದೇ ತೇಲುವ ಎಳೆಗಳು ಒಳಕ್ಕೆ ಎಳೆದುಕೊಂಡು ಚೌಕ ಗೋಡೆಗಳಾಗಿ ಎದ್ದು ನಿಂತಿದ್ದವು, ನಡುವೆ ಕಿರುಬೆರಳ ತುದಿ ಇಳಿಯುವಷ್ಟು ಕುಳಿ. ಎರಡನ್ನೂ ಮೇಜಿನ ಮೇಲೆ ಒತ್ತಟ್ಟಿಗೆ ಇಟ್ಟಾಗ ತೊಳೆದದ್ದು ಕಾಲುಭಾಗಕ್ಕೂ ಮಿಕ್ಕಿ ಕುಗ್ಗಿರುವುದು ಕಣ್ಣಿಗೇ ಕಾಣುತ್ತಿತ್ತು. ಸಾದಾ ಹತ್ತಿ ಬಟ್ಟೆಗೆ ಶೇಕಡಾ 10ರಷ್ಟು ಕುಗ್ಗುವಿಕೆ ಲೆಕ್ಕ ಹಿಡಿದು ಅಭ್ಯಾಸವಾದವರು ಅದೇ ಲೆಕ್ಕದಲ್ಲಿ ವಾಫಲ್ ಟವೆಲ್ ಹೂಡಿದರೆ ಕೈಗೆ ಬರುವುದು ಕರವಸ್ತ್ರ.

ನೂಲಿನ ಸಾಂದ್ರತೆಯ ವಿಷಯವೂ ನನಗೆ ಸರಿಯಾಗಿ ತಲೆಗೆ ಹತ್ತಿದ್ದು ಇಲ್ಲೇ. ಅಳತೆಪಟ್ಟಿಗೆ ನೂಲನ್ನು ಪಕ್ಕಪಕ್ಕ ಸುತ್ತಿ, ಒಂದು ಇಂಚಿನಲ್ಲಿ ಎಷ್ಟು ಸುತ್ತು ಕೂರುತ್ತದೆ ಎಂದು ಎಣಿಸಿ, ಸಾದಾ ನೇಯ್ಗೆಗೆ ಅದರ ಅರ್ಧ, ಬಟ್ಟೆಯಲ್ಲಿ ಓರೆಗೆರೆ ಮೂಡುವ ಟ್ವಿಲ್‌ಗೆ ಮೂರರಲ್ಲಿ ಎರಡು ಪಾಲು ಹಾಸೆಳೆ ಇಡಬೇಕು ಎನ್ನುವುದು ಎಲ್ಲರೂ ಹೇಳಿಕೊಡುವ ಸೂತ್ರ. 24 ಸುತ್ತು ಬಂದರೆ ಸಾದಾಕ್ಕೆ ಇಂಚಿಗೆ 12 ಎಳೆ, ಟ್ವಿಲ್‌ಗೆ 16. ಸಭೆಯಲ್ಲಿ ಕೂತಾಗ ತಿಳಿಯುವುದು ಈ ಸೂತ್ರ ಶುರುಮಾಡುವುದಕ್ಕೆ ಮಾತ್ರ ಅಂತ. ಮೈಗೆ ಹೊದೆಯುವ ಶಾಲಿಗೆ ಇನ್ನಷ್ಟು ಸಡಿಲ ಬೇಕು, ನೆಲಕ್ಕೆ ಹಾಸುವುದಕ್ಕೆ ಈ ಲೆಕ್ಕವೇ ಬೇರೆ. "ಎಂಟರ ರೀಡ್ ಒಂದೇ ಇರೋದು ನನ್ನ ಹತ್ತಿರ, ಹನ್ನೆರಡು ಎಳೆ ಹೇಗೆ ಕೂರಿಸಲಿ?" ಅಂತ ಒಬ್ಬಾಕೆ ಕೇಳಿದರು. ರೀಡ್ ಅಂದರೆ ಹಾಸೆಳೆಗಳನ್ನು ಸಮ ಅಂತರದಲ್ಲಿ ಹಿಡಿಯುವ ಬಾಚಣಿಗೆ, ಎಂಟರದಕ್ಕೆ ಇಂಚಿಗೆ ಎಂಟು ಸಂದಿ. ಹಿಂದಿನ ಸಾಲಿನಿಂದ ಉತ್ತರ ಬಂತು: "ಒಂದು ಸಂದಿಗೆ ಒಂದು, ಮುಂದಿನದಕ್ಕೆ ಎರಡು, ಹಾಗೇ ಹೋಗಿ. ಗೆರೆ ಬಿದ್ದ ಹಾಗೆ ಕಾಣುತ್ತೆ, ಹೆದರಬೇಡಿ, ತೊಳೆದರೆ ಬಹುಪಾಲು ಹೋಗುತ್ತೆ." ಪ್ರಶ್ನೆ ಕೇಳಿದವರಿಗೆ ಅಲ್ಲೇ ಒಂದು ತುಂಡನ್ನು ಕೊಟ್ಟರು, ಗೆರೆ ಹುಡುಕಿ ನೋಡಿ ಅಂತ.

ಇನ್ನು ಅತಿಥಿಗಳ ಮಾತು. ಇದರಲ್ಲಿ ಗುಣಮಟ್ಟ ಒಂದೇ ಸಮ ಇರುವುದಿಲ್ಲ, ಅದನ್ನು ಒಪ್ಪಿಕೊಂಡೇ ಹೋಗಬೇಕು. ಇತಿಹಾಸದ ಭಾಷಣ ಎಂದರೆ ನನಗೀಗ ಒಂದು ಥರ ಭಯ. ಎಲ್ಲಿಂದಲೇ ಶುರುಮಾಡಲಿ, ವಿನ್ಯಾಸಕ್ಕೆ ತಕ್ಕಂತೆ ಹಾಸೆಳೆಗಳನ್ನು ತಾನೇ ಎತ್ತುವ 1804ರ ಜಕಾರ್ಡ್ ಯಂತ್ರಕ್ಕೆ ಬಂದು, ರಂಧ್ರದ ಕಾರ್ಡುಗಳಿಂದ ಕಂಪ್ಯೂಟರಿಗೆ ಹಾರಿ, ಚಪ್ಪಾಳೆ. ಅದಕ್ಕೂ ಮೊದಲೇ 1725ರಲ್ಲಿ ಫ್ರಾನ್ಸಿನ ಬೂಶೋನ್ ಮಗ್ಗಕ್ಕೆ ರಂಧ್ರ ಕೊರೆದ ಕಾಗದ ಬಳಸಿದ್ದು, ಅದಾಗಿ ಕೆಲವೇ ವರ್ಷಗಳಲ್ಲಿ ಫಾಲ್ಕನ್ ಅದನ್ನು ಬಿಡಿಬಿಡಿ ಕಾರ್ಡುಗಳ ಸರಪಳಿ ಮಾಡಿದ್ದು ಹೇಳುವವರು ಕಡಿಮೆ. ಯಂತ್ರ ಕೆಲಸ ಮಾಡುವುದು ಹೇಗೆ ಎಂದು ತೋರಿಸುವವರು ಅದಕ್ಕಿಂತ ಕಡಿಮೆ. ಒಬ್ಬರು ಮಾತ್ರ ರಟ್ಟಿನ ತುಂಡು, ಬಾಗಿಸಿದ ತಂತಿ ತಂದು ಮೇಜಿನ ಮೇಲೇ ಮಾಡಿ ತೋರಿಸಿದರು. ಕಾರ್ಡಿನಲ್ಲಿ ತೂತಿದ್ದರೆ ಸೂಜಿ ಒಳಗೆ ಹೋಗುತ್ತದೆ, ಅದರ ಕೊಕ್ಕೆ ಇದ್ದಲ್ಲೇ ನಿಂತು ಮೇಲೇಳುವ ಪಟ್ಟಿಗೆ ಸಿಕ್ಕಿಕೊಂಡು ಹಾಸೆಳೆಯನ್ನು ಎತ್ತುತ್ತದೆ. ತೂತಿಲ್ಲದ ಕಡೆ ಸೂಜಿ ಹಿಂದಕ್ಕೆ ತಳ್ಳಲ್ಪಟ್ಟು ಕೊಕ್ಕೆ ಪಕ್ಕಕ್ಕೆ ಸರಿಯುತ್ತದೆ, ಪಟ್ಟಿ ಮೇಲೆ ಹೋದರೂ ಎಳೆ ಕೆಳಗೇ ಉಳಿಯುತ್ತದೆ. ಇಷ್ಟು ಕಂಡ ಮೇಲೆ, ಯಂತ್ರಕ್ಕೆ ಹೆಸರು ಕೊಟ್ಟ ಜಕಾರ್ಡನ ರೇಷ್ಮೆಯಲ್ಲಿ ನೇಯ್ದ ಭಾವಚಿತ್ರಕ್ಕೆ 1839ರಲ್ಲಿ ಸುಮಾರು 24,000 ಕಾರ್ಡು ಬೇಕಾಯಿತು ಅನ್ನುವ ಮಾತಿಗೆ ಒಂದು ಅರ್ಥ ಬಂತು. ಅಷ್ಟೂ ಕಾರ್ಡನ್ನು ಯಾರೋ ಕೂತು ಕೊರೆದು, ಸಾಲಾಗಿ ಹೊಲಿದಿರಬೇಕಲ್ಲ.

ನಾನು ಕೇಳಿದ್ದರಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಜರ್ಮನಿಯಲ್ಲಿ ಹುಟ್ಟಿದ ನೇಯ್ಗೆ ಕಲಾವಿದೆ ಆನಿ ಆಲ್ಬರ್ಸ್ ಕುರಿತ ಮಾತು. 1949ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಅವರ ಏಕವ್ಯಕ್ತಿ ಪ್ರದರ್ಶನ ನಡೆದದ್ದನ್ನು ಎಲ್ಲರೂ ಹೇಳುತ್ತಾರೆ. ಈ ಭಾಷಣಕಾರರು ಅದನ್ನು ಒಂದೇ ವಾಕ್ಯದಲ್ಲಿ ದಾಟಿಸಿ, ಜರ್ಮನಿಯ ಬೌಹೌಸ್ ಕಲಾವಿನ್ಯಾಸ ಶಾಲೆಯ ಡಿಪ್ಲೊಮಾಕ್ಕೆಂದು 1930ರಲ್ಲಿ ಆಕೆ ಸಲ್ಲಿಸಿದ ಗೋಡೆಬಟ್ಟೆಯ ಮೇಲೇ ಕೂತರು. ಬೆರ್ನಾವ್‌ನ ಕಾರ್ಮಿಕ ಸಂಘಗಳ ಶಾಲೆಯ ಸಭಾಂಗಣಕ್ಕೆ ಬೇಕಾಗಿದ್ದ ಬಟ್ಟೆ ಅದು. ಬೆಳಕನ್ನು ಪ್ರತಿಫಲಿಸಬೇಕು, ಸದ್ದನ್ನು ಹೀರಬೇಕು. ಮುಖಕ್ಕೆ ಸೆಲ್ಲೋಫೇನ್, ಬೆನ್ನಿಗೆ ಜುಂಗುಜುಂಗಾದ ಶೆನೀಲ್ ನೂಲು. ಇವರು ಅದೇ ತತ್ವದ ಮೇಲೆ ತಾವೇ ಒಂದು ಮಾದರಿ ನೇಯ್ದು ತಂದಿದ್ದರು, ಪೊಟ್ಟಣದ ಸೆಲ್ಲೋಫೇನನ್ನು ಸಣ್ಣಗೆ ಸೀಳಿ ಹೊಕ್ಕಿಗೆ (ಅಡ್ಡ ಎಳೆಗೆ) ಹಾಕಿ. ದೀಪ ಆರಿಸಿ ಮೊಬೈಲಿನ ಟಾರ್ಚ್ ಬಿಟ್ಟಾಗ ಮುಂಭಾಗ ಫಳಫಳ ಹೊಳೆಯಿತು, ತಿರುಗಿಸಿದರೆ ಬೆಳಕೇ ನುಂಗಿಹೋದ ಹಾಗಿತ್ತು. ಎರಡು ಕೆಲಸ, ಎರಡು ಮುಖ, ಒಂದೇ ಬಟ್ಟೆ. ಅಂದಿನಿಂದ ನನ್ನ ಅಳತೆಗೋಲು ಒಂದೇ: ಬಟ್ಟೆ ತರದೆ ಬರೀ ಸ್ಲೈಡು ತರುವವರು ಎಷ್ಟು ದೊಡ್ಡ ಹೆಸರಿನವರಾದರೂ ನನಗೆ ಅರ್ಧ ಅಂಕ.

ಇಳಕಲ್ ಸೀರೆಯ ಕೊಂಡಿ ಬಗ್ಗೆ ಮಾತಾಡಿದವರೂ ನೆನಪಾಗುತ್ತಾರೆ. ಒಡಲಿನ ಹಾಸೇ ಬೇರೆ, ಸೆರಗಿನ ರೇಷ್ಮೆ ಹಾಸೇ ಬೇರೆ, ಎರಡರ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸುವುದನ್ನು ದಪ್ಪ ಹಗ್ಗ ಹಿಡಿದು ನಿಧಾನವಾಗಿ ತೋರಿಸಿದರು. ಆಗ ಸದಸ್ಯರೊಬ್ಬರು, ಪೆರುವಿನ ಪ್ರಾಚೀನ ನೇಕಾರರೂ ಹಾಸನ್ನು ಬಿಡಿಬಿಡಿ ಭಾಗಗಳಾಗಿ ಹೂಡಿ ಕುಣಿಕೆಯಿಂದ ಜೋಡಿಸುತ್ತಿದ್ದರಲ್ಲ ಎಂದು ಎತ್ತಿದ್ದೇ ತಡ, ಚರ್ಚೆ ಕಾವೇರಿ ಅಧ್ಯಕ್ಷರು ಗಡಿಯಾರ ತೋರಿಸುವವರೆಗೂ ನಿಲ್ಲಲಿಲ್ಲ.

ಆನ್‌ಲೈನ್ ಸಭೆಗಳ ಬಗ್ಗೆ ನನಗೆ ಎರಡು ಮನಸ್ಸಿದೆ. ದೂರದ ಭಾಷಣಕಾರರು ಸಿಗುತ್ತಾರೆ, ನಿಜ. ಮಗ್ಗದ ಮೇಲೆ ಕ್ಯಾಮೆರಾ ಕಟ್ಟಿ, ಎಳೆ ಎತ್ತುವ ತೂತುಳ್ಳ ತಂತಿ ಅಂದರೆ ಹೆಡಲ್‌ಗೆ ಎಳೆ ಪೋಣಿಸುವುದನ್ನು ತೋರಿಸಿದರೆ ಎದುರಿಗೆ ಕೂತದ್ದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ, ಅದೂ ನಿಜ. ಬಣ್ಣದ ಪಾಠಕ್ಕೂ ಪರದೆ ಅಡ್ಡಿಯಾಗಲಿಲ್ಲ: ಆರಿಸಿದ ನೂಲುಗಳ ಫೋಟೋವನ್ನು ಕಪ್ಪುಬಿಳುಪಿಗೆ ತಿರುಗಿಸಿ ನೋಡಿ, ಕೆಂಪೂ ಹಸಿರೂ ಒಂದೇ ಬೂದಿಯಾಗಿ ಕಂಡರೆ ವಿನ್ಯಾಸ ದೂರಕ್ಕೆ ಎದ್ದು ಕಾಣುವುದಿಲ್ಲ ಎಂಬ ಉಪಾಯವನ್ನು ನಾನು ಕಲಿತದ್ದು ಅಂಥದೊಂದು ಸಭೆಯಲ್ಲೇ. ಆದರೆ ಬಟ್ಟೆ ಮುಟ್ಟುವಂತಿಲ್ಲ. ಒಂದು ಶಾಲಿನ ಇಳಿಬೀಳುವ ಗುಣವನ್ನು ಪರದೆಯ ಮೇಲೆ ಎಷ್ಟು ಅಲ್ಲಾಡಿಸಿ ತೋರಿಸಿದರೂ ಅದು ಗೊತ್ತಾಗುವುದಿಲ್ಲ.

ಕೊರತೆಗಳನ್ನೂ ಹೇಳಬೇಕು. ಪ್ರಕಟಣೆಯ ಹೊತ್ತು ಸುಮ್ಮನೆ ಹಿಗ್ಗುತ್ತದೆ, ಮೊದಲೇ ಬರೆದು ಕಳಿಸಿದ್ದನ್ನೇ ಮತ್ತೆ ಓದುತ್ತಾರೆ. ಸಮಿತಿಯ ಕೆಲಸ ಅದೇ ನಾಲ್ಕಾರು ಜನರ ತಲೆಮೇಲೆ ಬೀಳುತ್ತದೆ, ಅವರಿಗೆ ಸುಸ್ತಾದ ವರ್ಷ ಭಾಷಣಗಳೂ ಸಪ್ಪೆಯಾಗುತ್ತವೆ. ಹದಿನಾರು ಶಾಫ್ಟಿನ (ಎಳೆಗಳನ್ನು ಗುಂಪಾಗಿ ಎತ್ತುವ ಚೌಕಟ್ಟು, ಹೆಚ್ಚಿದ್ದಷ್ಟೂ ಹೆಚ್ಚು ವಿನ್ಯಾಸ) ಮಗ್ಗ ಇರುವವರು ನಾಲ್ಕು ಶಾಫ್ಟಿನವರ ಕೆಲಸ ನೋಡಿ "ಚೆನ್ನಾಗಿದೆ" ಎನ್ನುವ ಧಾಟಿ ಒಂದಿದೆ, ಕೇಳಿದರೇ ಗೊತ್ತಾಗುತ್ತದೆ. ಮಜಾ ಅಂದರೆ ಮೇಲೆ ಹೇಳಿದ ವಾಫಲ್ ತುಂಡುಗಳೆರಡೂ ನಾಲ್ಕು ಶಾಫ್ಟಿನಲ್ಲೇ ನೇಯ್ದಂಥವು.

ಮಿಕ್ಕ ನೂಲು ಹಂಚಿಕೊಳ್ಳುವ ಮೇಜಿನ ವಿಷಯದಲ್ಲಿ ಹುಷಾರು. ಒಮ್ಮೆ ಅಲ್ಲಿಂದ ಉಣ್ಣೆ ತಂದವರ ಮನೆಗೆ ನುಸಿಯೂ ಬಂತು. ಬಟ್ಟೆನುಸಿಯ ಮರಿಹುಳಕ್ಕೆ ಉಣ್ಣೆ, ರೇಷ್ಮೆಯಂಥ ಪ್ರಾಣಿಜನ್ಯ ನಾರು ಬೇಕು, ಹತ್ತಿಯ ತಂಟೆಗೆ ಸಾಮಾನ್ಯವಾಗಿ ಬರುವುದಿಲ್ಲ. ಆಮೇಲಿಂದ ಉಣ್ಣೆಯನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟು ತರಬೇಕೆಂದು ಸಂಘ ನಿಯಮ ಮಾಡಿತು. ಪಾಲಿಸುವವರು ಪಾಲಿಸುತ್ತಾರೆ. ನಾನಂತೂ ತಂದದ್ದನ್ನೆಲ್ಲ ಮನೆಯಲ್ಲಿ ಇನ್ನೊಮ್ಮೆ ಫ್ರೀಜರಿಗೆ ಹಾಕುತ್ತೇನೆ.

ಸಂಘದೊಳಗೇ ಇರುವ ಅಧ್ಯಯನ ಗುಂಪುಗಳು ಸದಸ್ಯತ್ವದ ನಿಜವಾದ ಬೆಲೆ. ವರ್ಷಕ್ಕೊಂದು ವಿಷಯ, ಪ್ರತಿಯೊಬ್ಬರೂ ಒಂದು ಮಾದರಿ ನೇಯ್ದು ಗುಂಪಿನಲ್ಲಿರುವಷ್ಟು ಜನಕ್ಕೆ ಕತ್ತರಿಸಿ ಹಂಚಬೇಕು, ಜೊತೆಗೆ ಡ್ರಾಫ್ಟ್ (ನೇಯ್ಗೆಯ ನಕ್ಷೆ), ನೂಲಿನ ಅಳತೆ, ಇಂಚಿಗೆಷ್ಟು ಎಳೆ, ತೊಳೆಯುವ ಮೊದಲಿನ ಮತ್ತು ನಂತರದ ಅಗಲ ಎಲ್ಲ ಬರೆದ ಹಾಳೆ. ಕೊನೆಗೆ ಪ್ರತಿಯೊಬ್ಬರ ಕೈಯಲ್ಲೂ ಒಂದು ಕಡತ. ಹೊಸ ಯೋಜನೆಗೆ ಮುನ್ನ ನಾನು ಪುಸ್ತಕ ತೆರೆಯುವುದು ಕಡಿಮೆಯಾಗಿ, ಈ ಕಡತ ತೆರೆಯುವುದು ಹೆಚ್ಚಾಗಿದೆ. ಕೆಲವರು ಬಟ್ಟೆ ಕೊಟ್ಟು ಹಾಳೆ ಕೊಡುವುದನ್ನು ಮುಂದೂಡುತ್ತಲೇ ಹೋಗುತ್ತಾರೆ, ಅವರ ಮಾದರಿಗಳು ಕಡತದಲ್ಲಿ ಚಂದಕ್ಕೆ ಮಾತ್ರ.

ಐದಕ್ಕೆ ನಾಲ್ಕು ಕೊಡುತ್ತೇನೆ. ಪರೀಕ್ಷಿಸಿ ನೋಡಬೇಕೆನ್ನುವವರಿಗೆ ಹೆಚ್ಚಿನ ಸಂಘಗಳು ಅತಿಥಿಯಾಗಿ ಒಂದೆರಡು ಸಭೆಗೆ ಬರಲು ಬಿಡುತ್ತವೆ. ಹೋಗುವಾಗ ಸರಿಬಾರದ ಒಂದು ತುಂಡನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ನೂಲಿನ ಚೀಟಿ ಇದ್ದರೆ ಅದನ್ನೂ.