‘ನಾನು ಮಂಡಕ್ಕಿ ಬೇಕು’ ಎನ್ನುವ ಆ್ಯಪ್: ಎರಡು ವರ್ಷದ ಬಳಕೆಯ ಅನುಭವ

ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಸ್ನಾಯುಗಳು ಹಿಡಿತಕ್ಕೆ ಬಾರದ ಸ್ಥಿತಿ) ಇರುವ ನನ್ನ ಒಂಬತ್ತು ವರ್ಷದ ಮಗನಿಗೆ ಎಲ್ಲ ಮಾತೂ ಅರ್ಥವಾಗುತ್ತದೆ, ಆದರೆ ನಾಲಗೆ ಹೊರಳುವುದಿಲ್ಲ. ಚಿತ್ರ ಒತ್ತಿದರೆ ಅದರ ಕೆಳಗಿನ ಪದವನ್ನು ಕನ್ನಡದಲ್ಲಿ ಗಟ್ಟಿಯಾಗಿ ನುಡಿಯುವ ಆ್ಯಪೊಂದನ್ನು ಸ್ಪೀಚ್ ಥೆರಪಿಸ್ಟ್ ಸಲಹೆಯಂತೆ ಬಳಸುತ್ತಿದ್ದೇವೆ. ಅದರಲ್ಲಿ ಎಷ್ಟು ಸಾವಿರ ಚಿತ್ರಗಳಿವೆ ಎಂಬುದನ್ನು ಅದರ ಜಾಹೀರಾತೇ ಹೇಳುತ್ತದೆ. ನನ್ನ ತಕರಾರು ಒಂದೇ ಒಂದು ವಿಭಕ್ತಿ ಪ್ರತ್ಯಯದ್ದು.

ದಾವಣಗೆರೆಯಲ್ಲಿ ಸಂಜೆಯೆಂದರೆ ಮಂಡಕ್ಕಿ, ಮಿರ್ಚಿ. ಒಗ್ಗರಣೆಯ ಸದ್ದು ಕೇಳಿದೊಡನೆ ಅವನು ಬೆರಳ ಗೆಣ್ಣಿನಿಂದ ‘ನಾನು’, ‘ಮಂಡಕ್ಕಿ’, ‘ಬೇಕು’ ಎಂದು ಒತ್ತುತ್ತಾನೆ. ಆ್ಯಪ್ ‘ನಾನು ಮಂಡಕ್ಕಿ ಬೇಕು’ ಎನ್ನುತ್ತದೆ. ಬೇಕು, ಹಸಿವು, ನೋವು, ಇಷ್ಟ, ಇವೆಲ್ಲಕ್ಕೂ ಕನ್ನಡದಲ್ಲಿ ‘ನನಗೆ’ ಬರಬೇಕು. ಇಂಗ್ಲಿಷಿನ ಅಚ್ಚಿಗೆ ಕನ್ನಡ ಸುರಿದವರಿಗೆ ಇದು ಹೊಳೆದಿಲ್ಲ. ಕಿವಿಗೆ ಬಿದ್ದ ತಪ್ಪನ್ನು ನಾವು ಬಾಯಲ್ಲಿ ತಿದ್ದಬಹುದು. ಆದರೆ ಅವನು ಓದು ಕಲಿಯುತ್ತಿರುವುದೇ ಪರದೆಯ ಮೇಲೆ ಮೂಡುವ ಆ ಸಾಲಿನಿಂದ. ಆ್ಯಪ್ ಮಾಡಿದವರಿಗೆ ಎರಡು ಬಾರಿ ಪತ್ರ ಬರೆದೆ, ಎರಡು ಬಾರಿಯೂ ವಿನಯದ ಉತ್ತರ ಮಾತ್ರ ಬಂತು.

ಚಂದಾ ನಿಲ್ಲಿಸಬೇಕೆಂದಿದ್ದಾಗ, ಸ್ವಂತ ಚಿತ್ರ ಮತ್ತು ಧ್ವನಿ ಸೇರಿಸುವ ಸೌಲಭ್ಯ ಕಣ್ಣಿಗೆ ಬಿತ್ತು. ಮಂಡಕ್ಕಿ ಭಟ್ಟಿಯಲ್ಲಿ ಸೇರಿನಲ್ಲಿ ಅಳೆಯುವಾಗ ತೆಗೆದ ಫೋಟೊ, ಅಕ್ಕನ ಫೋಟೊ, ಅಕ್ಕನದೇ ಧ್ವನಿಯಲ್ಲಿ ‘ನನಗೆ’ ಎಂಬ ಹೊಸ ಚೌಕ, ಹೀಗೆ ನಲವತ್ತು ಚೌಕಗಳನ್ನು ಮಾಡಿಕೊಂಡೆವು. ಮಾತಾಡುವಾಗ ನಾವೂ ಅವುಗಳನ್ನು ಒತ್ತುತ್ತೇವೆ. ತೋರಿಸದೆ ಮಗು ಕಲಿಯುವುದಿಲ್ಲ. ‘ಯಂತ್ರನೇ ಮಾತಾಡಿದ್ರೆ ಹುಡುಗ ಬಾಯಿ ಬಿಡಾದು ಯಾವಾಗವ್ವ?’ ಎಂದು ಅತ್ತೆ ಕೇಳಿದ್ದರು. ಆ ಅಂಜಿಕೆ ನನಗೂ ಇತ್ತು. 2006ರಲ್ಲಿ ಪ್ರಕಟವಾದ ಸಂಶೋಧನಾ ವಿಮರ್ಶೆಯೊಂದು ಗಟ್ಟಿ ಪುರಾವೆಯುಳ್ಳ 27 ಜನರ ಪ್ರಕರಣಗಳನ್ನು ನೋಡಿ, ಸನ್ನೆ, ಚಿತ್ರಗಳಂಥ ಬದಲಿ ಮಾರ್ಗಗಳಿಂದ ಒಬ್ಬರ ಮಾತೂ ಕಡಿಮೆಯಾಗಲಿಲ್ಲವೆಂದು ಹೇಳಿದೆ ಎಂದು ಥೆರಪಿಸ್ಟ್ ತಿಳಿಸಿದ ಮೇಲೆ ಸಮಾಧಾನವಾಯಿತು.

ವಾರಕ್ಕಿಷ್ಟೆಂದು ಚಿತ್ರ ಕುಗ್ಗಿಸಿ ಅಕ್ಷರ ಹಿಗ್ಗಿಸುತ್ತ ಬಂದೆವು. ಒಂದು ಸಂಜೆ ಚಿತ್ರವನ್ನು ಪೂರ್ತಿ ತೆಗೆದಿದ್ದ ‘ಮಂಡಕ್ಕಿ’ಯ ಮೇಲೆ ಅವನ ಗೆಣ್ಣು ನಿಂತಿತು. ಒತ್ತಲಿಲ್ಲ. ‘ಕ್ಕಿ’ಯ ಕೆಳಗಿನ ಒತ್ತನ್ನು ಸವರಿ, ಪುಟದ ಇನ್ನೊಂದು ತುದಿಗೆ ಕೈ ಎಳೆದುಕೊಂಡು ಹೋಗಿ ‘ಅಕ್ಕ’ ಎಂಬುದರ ಮೇಲಿಟ್ಟು, ನನ್ನ ಮುಖ ನೋಡಿದ. ಒತ್ತಕ್ಷರವನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮಿರ್ಚಿ ಸೀದು ಹೋಯಿತು.

ಆದ್ದರಿಂದ ಈ ವರ್ಷವೂ ಚಂದಾ ಕಟ್ಟಿದ್ದೇನೆ, ಸಿಟ್ಟು ಹಾಗೆಯೇ ಇದೆ. ಸೆಕೆಂಡ್ ಹ್ಯಾಂಡ್ ಟ್ಯಾಬ್ ಕೆಟ್ಟಾಗ ಬ್ಯಾಕಪ್ ಇಲ್ಲದೆ ನಲವತ್ತು ಚೌಕಗಳನ್ನೂ ಮತ್ತೆ ಮಾಡಬೇಕಾಯಿತು. ಕೊಳ್ಳುವವರು ಹಣ ಕಟ್ಟುವ ಮುನ್ನ ಬ್ಯಾಕಪ್ ಇದೆಯೇ ಎಂದು ಕೇಳಿ, ‘ನಾನು’, ‘ನೀರು’, ‘ಬೇಕು’ ಎಂದು ಒಮ್ಮೆ ಒತ್ತಿ ನೋಡಿ.