ಕಲೆ ಕರಗಿಸುವ ‘ಆಮ್ಲಜನಕ ಚಿಕಿತ್ಸೆ’ಗೆ ದುಡ್ಡು ಕಟ್ಟುವ ಮುನ್ನ

ಸುಟ್ಟ ಗಾಯದ ಕಲೆಯನ್ನು ಆಮ್ಲಜನಕದಿಂದ ಕರಗಿಸುತ್ತೇವೆಂದು ಹೇಳುವ ಯಾವ ‘ವೆಲ್‌ನೆಸ್’ ಕೇಂದ್ರಕ್ಕೂ ದಯವಿಟ್ಟು ಮುಂಗಡ ಹಣ ಕಟ್ಟಬೇಡಿ. ಬೆಂಗಳೂರಿನಲ್ಲಿ ನಮ್ಮ ಮನೆಗೆ ಹತ್ತಿರವೇ ಇರುವ ಅಂಥದ್ದೊಂದು ಕೇಂದ್ರಕ್ಕೆ ನಾನು ಕಟ್ಟಿದ ಮೊತ್ತ ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು, ಮತ್ತು ಅದು ಮರಳುವ ಲಕ್ಷಣ ಕಾಣುತ್ತಿಲ್ಲ. ಹಣ ಹೋದದ್ದಕ್ಕಿಂತ ಹೊಟ್ಟೆ ಉರಿಯುವುದು, ಅವರ ಮಾತಿನಿಂದ ನನ್ನ ತಂಗಿಯ ಸರಿಯಾದ ಚಿಕಿತ್ಸೆ ನಡುವೆಯೇ ನಿಂತುಹೋದದ್ದಕ್ಕೆ.

ಬಿಸಿ ಎಣ್ಣೆ ಸಿಡಿದು ಅವಳ ಮುಂಗೈಗೆ ಆಗಿದ್ದ ಗಾಯ ಮಾಗಿತ್ತು. ಆದರೆ ಮಾಗಿದ ಜಾಗ ಕೆಂಪಾಗಿ, ದಪ್ಪಗೆ ಉಬ್ಬಿ, ರಾತ್ರಿಯೆಲ್ಲ ತುರಿಸುತ್ತಿತ್ತು. ಚರ್ಮವೈದ್ಯರು ಸಿಲಿಕೋನ್ ಹಾಳೆ ಅಂಟಿಸಿಕೊಳ್ಳಲು ಹೇಳಿ, ಅದಕ್ಕೂ ಬಗ್ಗದಿದ್ದರೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಡೋಣ, ತಿಂಗಳುಗಟ್ಟಲೆ ತಾಳ್ಮೆ ಬೇಕು ಎಂದಿದ್ದರು. ಮದುವೆ ನಿಶ್ಚಯವಾಗಿರುವ ಮನೆಯಲ್ಲಿ ತಾಳ್ಮೆಯ ಮಾತು ಯಾರಿಗೆ ರುಚಿಸುತ್ತದೆ? ಕೇಂದ್ರದ ಮ್ಯಾನೇಜರ್ ಮಾತ್ರ ತಾಳ್ಮೆಯ ಮಾತೇ ಎತ್ತಲಿಲ್ಲ. “ಆಮ್ಲಜನಕ ಸಾಲದೆ ಇರೋದ್ರಿಂದಲೇ ಕಲೆ ಆಗೋದು ಮೇಡಂ. ನಾವು ಒತ್ತಡದಲ್ಲಿ ಆಮ್ಲಜನಕ ಕೊಡ್ತೀವಿ, ಕಲೆ ತಾನಾಗಿ ಹೋಗುತ್ತೆ. ಇದು ನೊಬೆಲ್ ಬಂದಿರೋ ವಿಜ್ಞಾನ” ಎಂದರು. ಸಿಲಿಕೋನ್ ಹಾಳೆ ನೋಡಿ ನಕ್ಕು, “ಪ್ಲಾಸ್ಟಿಕ್ ಮುಚ್ಚಿದ್ರೆ ಚರ್ಮ ಉಸಿರಾಡೋದು ಹೇಗೆ?” ಎಂದು ತೆಗೆಸಿಬಿಟ್ಟರು.

ಚಿಕಿತ್ಸೆ ಎಂದರೆ ಜಿಪ್ ಹಾಕಿ ಮುಚ್ಚುವ, ಗಾಳಿ ತುಂಬಿ ಉಬ್ಬಿಸುವ ಒಂದು ದೊಡ್ಡ ಚೀಲ. ತಂಗಿ ಅದರೊಳಗೆ ಮಲಗಿದ್ದ ಒಂದು ದಿನ ಹೊರಗೆ ಸುಮ್ಮನೆ ಕೂತಿದ್ದ ನಾನು, ಚೀಲಕ್ಕೆ ಜೋಡಿಸಿದ ಪೈಪು ಎಲ್ಲಿಗೆ ಹೋಗುತ್ತದೆಂದು ಕಣ್ಣಾಡಿಸಿದೆ. ಅದು ಪರದೆಯ ಹಿಂದೆ ಗುರುಗುಟ್ಟುತ್ತಿದ್ದ ಒಂದು ಏರ್ ಕಂಪ್ರೆಸರ್‌ಗೆ ಹೋಗಿತ್ತು. ಸಿಲಿಂಡರ್ ಇರಲಿಲ್ಲ, ಆಕ್ಸಿಜನ್ ಕಾನ್ಸಂಟ್ರೇಟರ್ ಇರಲಿಲ್ಲ. ಇದರಲ್ಲಿ ಆಮ್ಲಜನಕ ಎಲ್ಲಿದೆ ಎಂದು ಕೇಳಿದ್ದಕ್ಕೆ ಬಂದ ಉತ್ತರವನ್ನು ಇದ್ದಂತೆಯೇ ಬರೆಯುತ್ತಿದ್ದೇನೆ: “ಗಾಳೀಲಿ ಆಮ್ಲಜನಕ ಇರಲ್ವಾ ಮೇಡಂ?”

ಗಾಳಿಯಲ್ಲಿ ಆಮ್ಲಜನಕ ಇರುವುದಿಲ್ಲವೇ! ಇಷ್ಟು ಹಣ ತೆತ್ತವಳಿಗೆ ಇಂಥ ಉತ್ತರ ಕೊಡುವಾಗ ಆ ಮನುಷ್ಯನ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಅಕ್ಕಪಕ್ಕ ಕೂತಿದ್ದವರೆಲ್ಲ ನನ್ನತ್ತ ತಿರುಗಿ ನೋಡಿದರು. ಶಾಲೆಯ ಪಾಠ ಮರೆತವಳಂತೆ ನಾನೇ ತಲೆ ತಗ್ಗಿಸಬೇಕಾಯಿತು.

ಮನೆಗೆ ಬಂದು ಲೆಕ್ಕ ಹಾಕಿದೆ. ಆಸ್ಪತ್ರೆಗಳಲ್ಲಿ ಕೊಡುವ ನಿಜವಾದ ಅಧಿಕ ಒತ್ತಡದ ಚಿಕಿತ್ಸೆಯಲ್ಲಿ ರೋಗಿಯು ಗಟ್ಟಿ ಗೋಡೆಯ ಕೋಣೆಯೊಳಗೆ, ಸಾಮಾನ್ಯವಾಗಿ 2ರಿಂದ 2.5 ವಾಯುಭಾರದ (ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 1 ವಾಯುಭಾರ) ಒತ್ತಡದಲ್ಲಿ, ಶೇ. 100 ಆಮ್ಲಜನಕ ಉಸಿರಾಡುತ್ತಾನೆ. ಅದೂ ಆಯ್ದ ಮಧುಮೇಹಿಗಳ ಕಾಲಿನ ಹುಣ್ಣು, ವಿಕಿರಣದಿಂದಾದ ಹಾನಿ, ಕಾರ್ಬನ್ ಮಾನಾಕ್ಸೈಡ್ ವಿಷದಂಥ ತೊಂದರೆಗಳಿಗೆ. ಈ ಚೀಲದ ಮಾಪಕ ತೋರಿಸುತ್ತಿದ್ದದ್ದು ಹೊರಗಿನ ಒತ್ತಡದ ಮೇಲೆ 0.3 ಹೆಚ್ಚು, ಅಷ್ಟೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿಯ ಒತ್ತಡವೇ ಸುಮಾರು 0.9, ಎರಡೂ ಸೇರಿ 1.2. ಮಂಗಳೂರಿನ ಬಸ್ಸು ಹತ್ತಿ ಸಮುದ್ರದ ದಂಡೆಯಲ್ಲಿ ಇಳಿದರೆ ಆ ಹೆಚ್ಚುವರಿಯಲ್ಲಿ ಮೂರನೆಯ ಒಂದು ಪಾಲು ಟಿಕೆಟ್ ದರದಲ್ಲೇ ಸಿಗುತ್ತದೆ.

ತುರಿಕೆ, ಕೆಂಪು ಹೆಚ್ಚಾದ ಮೇಲೆ ತಂಗಿಯನ್ನು ಕರೆದುಕೊಂಡು ಹಳೆಯ ವೈದ್ಯರ ಬಳಿಗೇ ಹೋದೆವು. ಅವರು ಬೈಯಲಿಲ್ಲ, ಅದರಿಂದ ಮುಜುಗರ ಇನ್ನೂ ಹೆಚ್ಚಾಯಿತು. ಅವರು ವಿವರಿಸಿದ್ದು ಹೀಗೆ. ಗಾಯವಾದಾಗ ರಕ್ತನಾಳಗಳು ಹರಿದು ಅಲ್ಲಿ ಆಮ್ಲಜನಕ ಕಡಿಮೆಯಾಗುವುದು ಸಹಜ. ಆ ಕೊರತೆಯೇ ದುರಸ್ತಿಗೆ ಕರೆ ಕೊಡುತ್ತದೆ. ಆಮ್ಲಜನಕ ಸಾಕಷ್ಟಿದ್ದಾಗ ಜೀವಕೋಶ ನಾಶಮಾಡಿಬಿಡುವ ಎಚ್‌ಐಎಫ್ ಎಂಬ ಪ್ರೊಟೀನು ಕೊರತೆಯಲ್ಲಿ ಉಳಿದುಕೊಂಡು ಹೊಸ ರಕ್ತನಾಳಗಳು ಬೆಳೆಯುವಂತೆ ಮಾಡುತ್ತದೆ. ಕೇಲಿನ್, ರಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರಲ್ಲಿ ನೊಬೆಲ್ ಬಂದದ್ದು ಜೀವಕೋಶಗಳು ಆಮ್ಲಜನಕದ ಏರಿಳಿತವನ್ನು ಹೀಗೆ ಗುರುತಿಸುವ ಬಗೆಯನ್ನು ಕಂಡುಹಿಡಿದದ್ದಕ್ಕೆ. ಚೀಲಕ್ಕೆ ಗಾಳಿ ತುಂಬಿದ್ದಕ್ಕಲ್ಲ.

ಕೊರತೆ ಬಹುಕಾಲ ಉಳಿದರೆ ಕೆಡುಕೂ ಉಂಟು: ಬಿಳಿ ರಕ್ತಕಣಗಳು ಕ್ರಿಮಿಗಳನ್ನು ಕೊಲ್ಲಲಾರವು, ಗಾಯ ಮಾಗದು. ಕೇಂದ್ರದವರು ಹಿಡಿದುಕೊಂಡಿದ್ದು ಈ ಅರ್ಧ ಸತ್ಯವನ್ನು. ಆದರೆ ನನ್ನ ತಂಗಿಯ ಗಾಯ ಆಗಲೇ ಮಾಗಿತ್ತು. ಅಲ್ಲಿ ಆರದೆ ಉಳಿದದ್ದು ಉರಿಯೂತ. ಉರಿಯೂತ ಹೊತ್ತಿಗೆ ಸರಿಯಾಗಿ ಅಡಗದಿದ್ದರೆ ನಾರು ನೇಯಲು ಹೇಳುವ ಟಿಜಿಎಫ್-ಬೀಟಾದಂಥ ಸಂಕೇತಗಳು ನಿಲ್ಲುವುದಿಲ್ಲ, ನಾರು ನೇಯುವ ಕೋಶಗಳು ಕೆಲಸ ಮುಗಿಸಿ ಹೊರಡುವುದಿಲ್ಲ, ಕೊಲಾಜೆನ್ ಎಂಬ ನಾರಿನ ಪ್ರೊಟೀನು ರಾಶಿ ಬೀಳುತ್ತದೆ, ಕಲೆ ಉಬ್ಬುತ್ತದೆ. ಗಟ್ಟಿ ಕೊಲಾಜೆನ್ ಕಟ್ಟುವುದಕ್ಕೂ ಆಮ್ಲಜನಕವೇ ಬೇಕು ಎಂದ ಮೇಲೆ, ಆಮ್ಲಜನಕ ಕೊಟ್ಟೊಡನೆ ಕಲೆ ಕರಗುತ್ತದೆ ಎಂಬ ಮಾತಿಗೆ ಅರ್ಥವೇನು? ಇನ್ನು ಚರ್ಮ ‘ಉಸಿರಾಡುವ’ ವಿಷಯ: ತೀರಾ ಮೇಲಿನ ತೆಳು ಪದರ ಬಿಟ್ಟರೆ ಉಳಿದುದಕ್ಕೆಲ್ಲ ಆಮ್ಲಜನಕ ಬರುವುದು ರಕ್ತದಿಂದ. ಹಾಳೆ ತೆಗೆಸಿದ್ದರಿಂದ ಆದದ್ದು ನಷ್ಟವೊಂದೇ, ಅದೂ ಕಲೆ ಇನ್ನೂ ಎಳೆಯದಾಗಿ ಮದ್ದಿಗೆ ಬಗ್ಗುವ ತಿಂಗಳುಗಳಲ್ಲಿ.

ಹಣ ಮರಳಿಸಿ ಎಂದಾಗ ವಾಟ್ಸ್‌ಆ್ಯಪ್‌ನಲ್ಲಿ ಬಂದ ಮೊದಲ ಉತ್ತರ, “ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ.” ತುರಿಕೆ ಹೆಚ್ಚಾಗಿದೆ ಎಂದದ್ದಕ್ಕೆ, “ಅದು ಹೀಲಿಂಗ್ ಆಗುತ್ತಿರುವ ಗುರುತು ಮೇಡಂ.” ಕಂಪ್ರೆಸರ್ ಮಾತೆತ್ತಿದಾಗ ಎರಡು ನೀಲಿ ಗೆರೆಗಳು ಮಾತ್ರ. ರಸೀದಿ ತೆಗೆದು ನೋಡಿದರೆ ‘ಚಿಕಿತ್ಸೆ’ ಎಂಬ ಪದವೇ ಇಲ್ಲ, ‘ವೆಲ್‌ನೆಸ್ ಸೇವೆ’ ಎಂದಿದೆ.

ಪೈಪಿನ ಇನ್ನೊಂದು ತುದಿ ನೋಡಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ನೋಂದಣಿ ಪತ್ರ ಗೋಡೆಯ ಮೇಲಿದೆಯೇ ಎಂದು ಕೇಳಿ, ಇಲ್ಲಿ ಇರಲಿಲ್ಲ. ನಿಮ್ಮ ವೈದ್ಯರು ಕೊಟ್ಟದ್ದನ್ನು ಮ್ಯಾನೇಜರ್ ಮಾತು ಕೇಳಿ ಕಿತ್ತೆಸೆಯಬೇಡಿ. ನಾನು 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ. ಅದರ ನಂತರ ಕೇಂದ್ರದಿಂದ ಬಂದ ಒಂದೇ ಸಂದೇಶ: ಉಳಿದ ಸೆಷನ್‌ಗಳನ್ನು ಮದುಮಗಳ ಫೇಶಿಯಲ್‌ಗೆ ಬದಲಾಯಿಸಿಕೊಳ್ಳಬಹುದಂತೆ.